ಜಗಲಿ ಮೇಲೆ ಉಳಿದ ಬೂಟು

ಆ ದಿನ ಬೆಳಿಗ್ಗೆ ಹೂವಪ್ಪ ಜಗಲಿ ಮೇಲೆ ಕೂತು ಬೂಟು ತಿಕ್ಕುತ್ತಿದ್ದ. ರಜೆಗೆ ಬಂದವನಿಗೆ ಬೂಟು ತಿಕ್ಕುವ ದರ್ದು ಏನಿತ್ತೋ. ಮಿಲಿಟರಿ ಪಲ್ಟನ್ನಿನ ಅಭ್ಯಾಸ, ಬಿಟ್ಟಿರಲಿಲ್ಲ. ಎದ್ದು ಮುಖ ತೊಳೆದವನೇ ಬೂಟು ತಲೆಕೆಳಗು ಮಾಡಿ ನೆಲಕ್ಕೆ ಬಡಿಯುತ್ತಿದ್ದ. ಒಳಗೆ ಕೈ ಹಾಕಿ ತಡಕುತ್ತಿದ್ದ. ಗಡಿಯಲ್ಲಿ ಬೂಟಿನೊಳಗೆ ಚೇಳು ಸೇರಿಕೊಳ್ಳುತ್ತವಂತೆ. ಆಮೇಲೆ ಕರೀ ಪಾಲಿಷ್ ಹಚ್ಚಿ ಹಳೇ ಪಂಚೆಯ ಚೂರಿನಲ್ಲಿ ತಿಕ್ಕಿದ್ದೇ ತಿಕ್ಕಿದ್ದು.

ಒಳಗೆ ರೊಟ್ಟಿ ತಟ್ಟುತ್ತಿದ್ದ ಹೆಂಡತಿ ಜಲಜ ಅಲ್ಲಿಂದಲೇ ಹೇಳಿದಳು.

"ಅಷ್ಟು ಹೊತ್ತು ನನ್ನ ಹಂಡೆ ತಿಕ್ಕಿದ್ರೆ ಮುಖ ಕಾಣ್ತಿತ್ತು."

"ಹಂಡೆ ನನ್ನ ಕಾಲು ಕಾಯ್ತದಾ?"

"ಬಿಸಿನೀರು ಕೊಡ್ತದಲ್ಲ. ಸಾಲ್ದಾ?"

ಹೂವಪ್ಪ ನಕ್ಕ. "ಬಾ ಇಲ್ಲಿ" ಅಂತ ಕರೆದು ಒಂದು ಬೂಟನ್ನು ಅವಳ ಕಾಲ ಹತ್ತಿರ ಇಟ್ಟ. "ಹಾಕ್ಕ. ದಾರ ಕಟ್ಟು ನೋಡಾಣ."

ಹಿಟ್ಟಿನ ಕೈಯಲ್ಲೇ ಅವಳು ಬೂಟಿಗೆ ಕಾಲು ತೂರಿಸಿದಳು. ಮಡಕೆಯೊಳಗೆ ಸೌಟು ಇಟ್ಟ ಹಾಗಿತ್ತು. ದಾರ ಅಡ್ಡಾದಿಡ್ಡಿ ಕಟ್ಟಿದಳು. ಅವನು ಬಿಚ್ಚಿ, ಒಂದೊಂದೇ ತೂತಿಗೆ ಅಡ್ಡ ಹಾಕಿ, ಮೇಲೆ ಹೇಗೆ ಗಂಟು ಬಿಗಿಯಬೇಕು ಅಂತ ತೋರಿಸಿದ. ಹಿತ್ತಲಿನಿಂದ ಬಂದ ಅತ್ತೆ ಕೆರಿಯಮ್ಮ ನೋಡಿ, "ಗಂಡ ಹೆಂಡ್ತಿ ಇಬ್ರೂ ಪಲ್ಟನ್ನಿಗೆ ಹೊರಟ್ರಾ? ರೊಟ್ಟಿ ಕರಕಲಾಗ್ತದೆ, ನಡಿ ಒಳಗೆ" ಅಂದಳು.

ರೊಟ್ಟಿ ಕರಕಲಾಗಿತ್ತು. ಅದನ್ನೇ ತಿಂದ. ಅವನು ಊಟಕ್ಕೆ ಯಾವತ್ತೂ ಹೆಸರಿಟ್ಟವನಲ್ಲ.

ಹೂವಪ್ಪನ ಬದುಕಿನಲ್ಲಿ ಹೇಳಿಕೊಳ್ಳುವಂಥ ದೊಡ್ಡ ಸಂಗತಿ ಏನೂ ಇಲ್ಲ. ಹುಟ್ಟಿದ್ದು ಶರಾವತಿ ದಡದಲ್ಲಿ. ಆ ಊರು ಈಗ ನೀರಿನಡಿಗೆ ಹೋಗಿದೆ. ಜೋಗದ ಕರೆಂಟಿಗೆ ಅಂತ ಲಿಂಗನಮಕ್ಕಿಯಲ್ಲಿ ಕಟ್ಟೆ ಕಟ್ಟಿದರು. ಗೇಣಿ ಗದ್ದೆ ಮುಳುಗಿತು, ಮನೆ ಮುಳುಗಿತು. ಅಪ್ಪ ಆ ಕೊರಗಿನಲ್ಲೇ ಹೋದ. ತಾಯಿ ಮಗ ಸಾಮಾನು ಹೊತ್ತುಕೊಂಡು ಇಕ್ಕೇರಿ ದಾಟಿ ಕಾಡಂಚಿನ ಈ ಕೇರಿಗೆ ಬಂದು ಸೋಗೆ ಮನೆ ಕಟ್ಟಿದರು. ಚೀನಾದ ಜೊತೆ ಯುದ್ಧ ಆದ ಮಾರನೇ ವರ್ಷ ಸಾಗರದಲ್ಲಿ ಮಿಲಿಟರಿಗೆ ಆಳು ತಗೊಳ್ತಾರೆ ಅಂತ ಸುದ್ದಿ ಬಂತು. ಎದೆ ಅಳತೆ ಕೊಟ್ಟು ಸೇರಿಬಿಟ್ಟ. ದೇಶಕ್ಕೆ ಅಂತ ಹೋದವನಲ್ಲ. ಗದ್ದೆ ಇಲ್ಲ, ಹೋದ. ಹೋದಮೇಲೆ ಮಾತ್ರ ಸರಿಯಾಗೇ ಕೆಲಸ ಮಾಡಿದ. ಪಾಕಿಸ್ತಾನದ ಯುದ್ಧದಲ್ಲಿ ಗುಂಡು ತೊಡೆ ಸವರಿಕೊಂಡು ಹೋಗಿತ್ತು. ಜಲಜ ತೀರ್ಥಹಳ್ಳಿ ಕಡೆಯವಳು, ಕವಲೇದುರ್ಗದ ಕೆಳಗಿನ ಊರು. ಮದುವೆಯಾದ ಮೇಲೆ ಗಂಡನ ಜೊತೆ ಇದ್ದದ್ದು ರಜೆಯ ದಿನಗಳು ಅಷ್ಟೇ. ಮಕ್ಕಳಾಗಿರಲಿಲ್ಲ.

ಅವನಿಗಿದ್ದ ಒಂದೇ ಚಟ ಜಯಪ್ಪನ ಚಾ ಅಂಗಡಿ. ಜಯಪ್ಪ ಕೇರಿಯ ಹಿರಿಯ. ಇಕ್ಕೇರಿ ದಾರಿಯ ತಿರುವಿನಲ್ಲಿ ಅವನ ಅಂಗಡಿ. ಹೂವಪ್ಪ ಬೂಟು ಹಾಕಿಕೊಂಡು ಅಲ್ಲಿ ಹೋಗಿ ಕೂತರೆ ಸುತ್ತ ಜನ ಸೇರುತ್ತಿದ್ದರು. ಯುದ್ಧದ ಕಥೆ ಕೇಳುತ್ತಿದ್ದರು. ಅವನು ಗುಂಡಿನ ಕಥೆ ಹೇಳುತ್ತಿರಲಿಲ್ಲ. ಅವನ ತಲೆಯಲ್ಲಿ ಬೇರೆಯೇ ಒಂದು ಹೆದರಿಕೆ ಕೂತಿತ್ತು.

ಪಲ್ಟನ್ನಿನಲ್ಲಿ ಒಂದು ದಿನ ಎಲ್ಲರನ್ನೂ ಕೂರಿಸಿ ಪಾಠ ಮಾಡಿದ್ದರಂತೆ. ಮುಂದಿನ ಯುದ್ಧದಲ್ಲಿ ಬಾಂಬು ಮಾತ್ರ ಅಲ್ಲ, ರೋಗವನ್ನೂ ಬಿಡಬಹುದಂತೆ. ಗಾಳಿಯಲ್ಲಿ ತೂರಬಹುದು, ಬಾವಿಗೆ ಹಾಕಬಹುದು. ಶಬ್ದ ಇಲ್ಲ, ಹೊಗೆ ಇಲ್ಲ. ಸಿಪಾಯಿ ತನ್ನಷ್ಟಕ್ಕೆ ಉಂಡು ಮಲಗುತ್ತಾನೆ, ನಾಲ್ಕು ದಿನ ಬಿಟ್ಟು ಜ್ವರ ಬಂದು ಇಡೀ ಪಲ್ಟನ್ನು ನೆಲ ಹಿಡಿಯುತ್ತದೆ. ಮುಖಕ್ಕೆ ಹಾಕುವ ರಬ್ಬರಿನ ಮುಸುಕು ತೋರಿಸಿದರಂತೆ. ಸತ್ತ ಪ್ರಾಣಿ ಬಿದ್ದಿದ್ದರೆ ಮುಟ್ಟಬೇಡಿ ಅಂದರಂತೆ.

"ಗುಂಡಿಗೆ ನಂಗೆ ಅಷ್ಟು ಹೆದ್ರಿಕೆ ಇಲ್ಲ ಜಯಪ್ಪಣ್ಣ" ಅಂದಿದ್ದ ಆವತ್ತು. "ಗುಂಡು ಒಂದು ಕಡೆಯಿಂದ ಬತ್ತದೆ. ಇದು ಯಾವ ಕಡೆಯಿಂದ ಅಂತ ನೋಡೋದು?"

"ಪಾಕಿಸ್ತಾನದೋರು ನಮ್ಮ ಕೇರಿಗೆ ರೋಗ ಬಿಡ್ತಾರಾ ಮಾರಾಯ? ಮೊದ್ಲು ಅವ್ರಿಗೆ ಇಕ್ಕೇರಿ ಎಲ್ಲೈತೆ ಅಂತ ಗೊತ್ತಿರ್ಬೇಕಲ್ಲ" ಅಂದ ಜಯಪ್ಪ. ಎಲ್ಲರೂ ನಕ್ಕರು. ಹೂವಪ್ಪನೂ ನಕ್ಕ. ಜಲಜನಿಗೆ ಇದನ್ನೆಲ್ಲ ಹೇಳಿದ್ದು ಅವನೇ, ಆ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ. ಆಗ ನಗು ಇರಲಿಲ್ಲ. "ನಗ್ತಾರೆ. ಆ ಮುಸುಕು ಹಾಕ್ಕಂಡು ಓಡಿದೋನಿಗೆ ಗೊತ್ತು, ಉಸಿರಾಡಕ್ಕೇ ಭಯ ಆಗ್ತದೆ" ಅಂದ. ಆಮೇಲೆ ಮಜ್ಜಿಗೆ ಕೇಳಿದ.

ಮಾರನೇ ದಿನ ಹಿತ್ತಲಿನ ಹಲಸಿನ ಮರದ ಬುಡದಲ್ಲಿ ಒಂದು ಮಂಗ ಸತ್ತು ಬಿದ್ದಿತ್ತು.

ಸೊರಬದ ಕಡೆ ಮಂಗ ಸತ್ತು ಆಮೇಲೆ ಮನುಷ್ಯರು ಸತ್ತ ಸುದ್ದಿ ಎಲ್ಲರೂ ಕೇಳಿದ್ದರು. ಮಂಗನ ಕಾಯಿಲೆ ಅಂತ ಅದಕ್ಕೆ ಹೆಸರೂ ಬಿದ್ದಿತ್ತು. ಸತ್ತ ಮಂಗ ಕಂಡರೆ ಸಾಗರಕ್ಕೆ ಬಂದು ತಿಳಿಸಿ ಅಂತ ಆರೋಗ್ಯ ಇಲಾಖೆಯ ಆಫೀಸಿನವರು ಹೇಳಿ ಹೋಗಿದ್ದೂ ಉಂಟು. ಆದರೆ ಕೇರಿಯವರ ಲೆಕ್ಕವೇ ಬೇರೆ. ಮಂಗ ಅಂದರೆ ಹನುಮಪ್ಪ. ಸತ್ತರೆ ಮನುಷ್ಯರಿಗೆ ಮಾಡಿದ ಹಾಗೆ ಮಣ್ಣು ಮಾಡಿ, ಹಾಲು ತುಪ್ಪ ಬಿಡಬೇಕು. ಯಾರ ಹಿತ್ತಲಲ್ಲಿ ಬಿತ್ತೋ ಆ ಮನೆಯ ಗಂಡಸು ಮಾಡಬೇಕು. ಸೊರಬದವರು ನಾಯಿ ಸತ್ತ ಹಾಗೆ ಬಿಟ್ಟರು, ಅದಕ್ಕೇ ಅಲ್ಲಿ ರೋಗ ಬಂತು. ಸರಿಯಾಗಿ ಮಣ್ಣು ಮಾಡಿದರೆ ಏನೂ ಬರುವುದಿಲ್ಲ. ಇದು ಎಲ್ಲರೂ ನಂಬಿದ್ದು. ಜಲಜಳೂ ನಂಬಿದ್ದಳು.

ಹೂವಪ್ಪ ಬೂಟು ಹಾಕಿಕೊಂಡು ಗುದ್ದಲಿ ತಗೊಂಡು ಬಂದ. ಮಂಗನ ಹತ್ತಿರ ಹೋದವನು ನಿಂತ.

"ಅವ್ವ, ಸತ್ತ ಪ್ರಾಣಿ ಮುಟ್ಬಾರ್ದು ಅಂತ ಪಲ್ಟನ್ನಲ್ಲಿ ಹೇಳಿದಾರೆ."

"ಇದು ಪ್ರಾಣಿ ಅಲ್ಲ ಮಗ. ಮೊದ್ಲು ಆ ಚರ್ಮದ ಬೂಟು ಬಿಚ್ಚು. ದೇವರ ಹೆಣಕ್ಕೆ ಬೂಟು ಹಾಕ್ಕಂಡು ಹೋಗ್ತೀಯಾ? ಮಿಂದು ಒದ್ದೆ ಬಟ್ಟೇಲಿ ಬಾ."

ಅವನು ಜಲಜನ ಮುಖ ನೋಡಿದ. ಅವಳು ಹಾಲು ತುಪ್ಪ ತರಲು ಒಳಗೆ ಹೋದಳು. ಅವನು ಜಗಲಿಗೆ ಹೋಗಿ ದಾರ ಬಿಚ್ಚಿ ಎರಡೂ ಬೂಟು ಗೋಡೆಗೆ ತಾಗಿಸಿ ಇಟ್ಟ. ಬಾವಿಕಟ್ಟೆಯಲ್ಲಿ ಎರಡು ಕೊಡ ನೀರು ಸುರಿದುಕೊಂಡು ತುಂಡುಪಂಚೆ ಸುತ್ತಿ ಬಂದ. ಪಲ್ಟನ್ನಿನ ಪಾಠ ಪೂರ್ತಿ ಬಿಡಲು ಮನಸ್ಸಾಗಲಿಲ್ಲವೋ ಏನೋ, ಟವೆಲನ್ನು ಮೂಗು ಬಾಯಿಗೆ ಬಿಗಿದುಕೊಂಡ.

ನೋಡಲು ಬಂದ ಜಯಪ್ಪ ದೂರದಲ್ಲೇ ನಿಂತು ಚುಡಾಯಿಸಿದ. "ನಾಚ್ಕಂಡ ಮದುಮಗಳ ಹಂಗೆ ಮುಖ ಮುಚ್ಚಿದೀಯಲ್ಲ. ಹನುಮಪ್ಪ ಗುರ್ತು ಹಿಡೀತಾನಾ ಇಲ್ವಾ?"

"ಬಾಲ ಇಲ್ಲದ್ದು ನೋಡಿ ಗುರ್ತು ಹಿಡೀತಾನೆ ಬಿಡು."

ಗುಂಡಿ ತೋಡಿ, ಎರಡೂ ಕೈಯಲ್ಲಿ ಮಂಗನನ್ನು ಎತ್ತಿ, ಎದೆಗೆ ಒತ್ತಿ ಹಿಡಿದು, ತರಗೆಲೆಯಲ್ಲಿ ಬರಿಗಾಲಲ್ಲಿ ನಡೆದು ಗುಂಡಿಗೆ ಇಳಿಸಿದ. ಮಗುವನ್ನು ಮಲಗಿಸಿದ ಹಾಗೆ ಮಲಗಿಸಿದ. ಹಾಲು ತುಪ್ಪ ಬಿಟ್ಟು ಮಣ್ಣು ಎಳೆದ. ಮನೆಗೆ ಬಂದು ಕಾಲು ತೊಳೆಯುವಾಗ ಮೊಣಕಾಲಿನ ಹಿಂದೆ ಎಳ್ಳುಕಾಳಿನಂಥ ಉಣುಗು ಕಚ್ಚಿಕೊಂಡಿದ್ದವು. ದನದ ಮೈಯಲ್ಲಿ ಇರುವಂಥದ್ದೇ, ಇನ್ನೂ ಸಣ್ಣವು. ಕಾಡಂಚಿನವರಿಗೆ ಅದೇನು ಹೊಸದಲ್ಲ. ಜಲಜ ಉಗುರಲ್ಲಿ ಕಿತ್ತು ಒಲೆಗೆ ಹಾಕಿದಳು. "ತುರಿಸ್ತದೆ" ಅಂದ. ಸುಣ್ಣ ಹಚ್ಚಿದಳು.

ವಾರ ಕಳೆಯುವುದರೊಳಗೆ ಜ್ವರ ಬಂತು. ಬಂದ ಜ್ವರ ನೆತ್ತಿಗೆ ಏರಿತು. ತಲೆ ಸಿಡಿಯುತ್ತದೆ ಅಂತ ಗೋಡೆಗೆ ಹಣೆ ಒತ್ತಿಕೊಂಡು ಕೂರುತ್ತಿದ್ದ. ಗುಂಡು ತಾಗಿದಾಗಲೂ ನರಳಿರಲಿಲ್ಲ ಅಂದವನು ಸೊಂಟ ಕಾಲು ಹಿಡಿದುಕೊಂಡು ನರಳಿದ. ಕಣ್ಣು ಕೆಂಡ ಆಯಿತು. ಒಂದು ದಿನ ಇಳಿದ ಹಾಗೆ ಆಗಿ ಗಂಜಿ ಕುಡಿದ. ಆಮೇಲೆ ಮೂಗಿನಲ್ಲಿ ವಸಡಿನಲ್ಲಿ ರಕ್ತ ಬಂತು. ಗಾಡಿ ಕಟ್ಟಿ ಸಾಗರದ ಆಸ್ಪತ್ರೆಗೆ ಒಯ್ದರು. ಅಲ್ಲಿ ಮಂಗನ ಕಾಯಿಲೆ ನೋಡುವ ಡಾಕ್ಟರು ಬಂದು ತೋಳಿನಿಂದ ರಕ್ತ ತೆಗೆದುಕೊಂಡರು.

ಬುದ್ಧಿ ಇದ್ದಾಗ ಅವನು ಜಲಜನ ಹತ್ತಿರ ಕೇಳಿದ್ದು ಒಂದೇ ಮಾತು. "ನಾನು ಮೂಗು ಬಾಯಿ ಮುಚ್ಚಿದ್ನಲ್ಲ. ಹೆಂಗೆ ಒಳಗೆ ಹೋತು?"

ಅವಳಿಗೆ ಗೊತ್ತಿರಲಿಲ್ಲ. "ಸುಮ್ನೆ ಮಲಗಿ" ಅಂದಳು. ಅವನು ಆ ಆಸ್ಪತ್ರೆಯಿಂದ ಎದ್ದು ಬರಲಿಲ್ಲ.

ಸುಟ್ಟು ಬಂದ ಮೇಲೆ ಕೇರಿಯಲ್ಲಿ ಮಾತು ಹುಟ್ಟಿತು. ಯಾರು ಮೊದಲು ಆಡಿದರೋ ಗೊತ್ತಿಲ್ಲ, ಹುಟ್ಟಿದ್ದು ಚಾ ಅಂಗಡಿಯಲ್ಲಿ. ಮಂಗನ ದೋಷ ಅನ್ನಲು ಆಗುವುದಿಲ್ಲ, ಸರಿಯಾಗಿ ಮಣ್ಣು ಮಾಡಿ ಹಾಲು ತುಪ್ಪ ಬಿಟ್ಟದ್ದು ಎಲ್ಲರೂ ನೋಡಿದ್ದಾರೆ. ಹಾಗಾದರೆ ರೋಗ ಎಲ್ಲಿಂದ ಬಂತು? ಅವನೇ ಹೇಳುತ್ತಿದ್ದನಲ್ಲ, ರೋಗದ ಬಾಂಬು ಅಂತ. ಯುದ್ಧದಲ್ಲಿ ಎಲ್ಲೋ ಬಿದ್ದದ್ದನ್ನು ಮೈಯಲ್ಲಿ ಹೊತ್ತು ತಂದಿದ್ದಾನೆ. ಮೂಗು ಬಾಯಿ ಕಟ್ಟಿಕೊಂಡಿದ್ದು ಯಾಕೆ? ಅವನಿಗೆ ಮೊದಲೇ ಗೊತ್ತಿತ್ತು.

ಜನ ಕೆಟ್ಟವರಲ್ಲ, ಹೆದರಿದವರು. ಆದರೆ ಹೆದರಿದವರು ಮಾಡುವುದೂ ಅದನ್ನೇ. ಜಲಜ ಬಾವಿಗೆ ಹೋದರೆ ಉಳಿದ ಹೆಂಗಸರು ಕೊಡ ಎತ್ತಿಕೊಂಡು ಸರಿದರು. ಕೆಲಸಕ್ಕೆ ಬದಲು ಕೆಲಸ ಅಂತ ಮುಯ್ಯಾಳಿಗೆ ಬರುತ್ತಿದ್ದವರು ಬರಲಿಲ್ಲ. ಹನ್ನೊಂದನೆಯ ದಿನದ ಊಟಕ್ಕೆ ಅತ್ತೆ ಸೊಸೆ ಇಬ್ಬರೇ ಅಡಿಗೆ ಮಾಡಿದರು. ಎಡೆ ಇಟ್ಟರು. ಬಾಳೆಲೆ ಸಾಲಾಗಿ ಹಾಕಿ ಕಾದರು. ಎಲೆ ಬಾಡಿತು. ಒಬ್ಬರೂ ಬರಲಿಲ್ಲ. ಅನ್ನವನ್ನು ದನಕ್ಕೆ ಹಾಕುವಾಗ ಕೆರಿಯಮ್ಮ ಅಂದಳು, "ಗಡೀಲಿ ಸತ್ತಿದ್ರೆ ಹಾರ ಹಾಕ್ತಿದ್ರು. ಮನೆಗೆ ಬಂದು ಸತ್ತ, ಅನ್ನ ತಿನ್ನೋರಿಲ್ಲ."

ಜಲಜನಿಗೆ ಗಂಡ ಹೋದದ್ದು ಒಂದು ಸಂಕಟ. ಅವನ ಹೆಸರು ಹೀಗಾದದ್ದು ಅದಕ್ಕಿಂತ ಹೆಚ್ಚಿನ ಸಂಕಟ. ಸತ್ತವನು ಎದ್ದು ಬಂದು ಅಲ್ಲ ಅನ್ನುವ ಹಾಗಿಲ್ಲ.

ಒಂದು ದಿನ ಸಾಗರದ ಡಾಕ್ಟರು ಜೀಪಿನಲ್ಲಿ ಬಂದರು. ಅವರ ಆಫೀಸಿನಲ್ಲಿ ರಕ್ತ ನೋಡಿ ಆಗಿತ್ತು. ಕೆರಿಯಮ್ಮ ಕೊಟ್ಟಿಗೆಯಲ್ಲಿ ಇದ್ದಳು. ಜಲಜ ಹುಲ್ಲುಬಣವೆಯ ಹತ್ತಿರ ನಿಂತು ಮಾತಾಡಿದಳು.

"ಇದು ಯುದ್ಧದ ರೋಗವಾ ಸ್ವಾಮಿ? ಯಾರೋ ಬಿಟ್ಟಿದ್ದಾ?"

"ಅಲ್ಲಮ್ಮ. ಇದು ಇದೇ ಕಾಡಿನದು. ಮಂಗನ ಕಾಯಿಲೆ. ಮಂಗ ಸತ್ತಮೇಲೆ ಅದರ ಮೈಯಲ್ಲಿರೋ ಉಣುಗು ಕೆಳಗೆ ಇಳೀತಾವೆ. ಹತ್ತಿರ ಬಂದೋರಿಗೆ ಕಚ್ಚುತ್ತಾವೆ. ಉಸಿರಿನಿಂದ ಬರೋದಲ್ಲ. ಮುಟ್ಟಿದ್ರೆ ಮನುಷ್ಯನಿಂದ ಮನುಷ್ಯನಿಗೆ ಹತ್ತೋದೂ ಅಲ್ಲ. ಮಂಗ ಎತ್ತುವಾಗ ಕಾಲಿಗೆ ಏನು ಹಾಕ್ಕೊಂಡಿದ್ರು?"

"ಏನಿಲ್ಲ."

ಡಾಕ್ಟರು ಜಗಲಿಯ ಮೇಲಿದ್ದ ಬೂಟು ನೋಡಿದರು. ಅವು ಅಲ್ಲೇ ಇದ್ದವು. ಯಾರೂ ಮುಟ್ಟಿರಲಿಲ್ಲ. ಧೂಳು ಕೂತಿತ್ತು.

"ಬೂಟು ಇದ್ದಿದ್ರೆ ಖಂಡಿತ ಬದುಕ್ತಿದ್ರು ಅಂತ ನಾನು ಹೇಳೋದಿಲ್ಲ. ಉಣುಗಿಗೆ ಕಷ್ಟ ಆಗ್ತಿತ್ತು. ಅಷ್ಟು ಹೇಳಬಹುದು."

ಗಂಡ ಕೇಳಿದ ಮಾತಿಗೆ ಉತ್ತರ ಸಿಕ್ಕಿತು. ಬಾಯಿಂದ ಅಲ್ಲ, ಮೂಗಿಂದ ಅಲ್ಲ. ಮೊಣಕಾಲಿನ ಹಿಂದಿನಿಂದ. ಅವಳೇ ಕಿತ್ತು ಒಲೆಗೆ ಹಾಕಿದ್ದಳು.

ಈ ಮಾತನ್ನು ಹೋಗಿ ಜಯಪ್ಪನ ಅಂಗಡಿಯ ಮುಂದೆ ನಿಂತು ಕೂಗಿ ಹೇಳಬಹುದಿತ್ತು. ಹೇಳಲಿಲ್ಲ. ಮಂಗನಿಂದ ಬಂತು ಅಂದರೆ ಬೂಟು ಬಿಚ್ಚಿಸಿದ್ದು ಯಾರು ಅನ್ನುವುದು ತಾನಾಗಿ ಬರುತ್ತದೆ. ಕೆರಿಯಮ್ಮನಿಗೆ ಇದ್ದದ್ದು ಒಬ್ಬನೇ ಮಗ. ಮಗನ ಸಾವು ಹೊತ್ತಿದ್ದಾಳೆ, ಅದರ ಮೇಲೆ ಇದನ್ನೂ ಹೊರಿಸುವುದಾ. ತವರಿನಿಂದ ಅಣ್ಣ ಬಂದು ಕರೆದಾಗಲೂ ಜಲಜ ಹೋಗಲಿಲ್ಲ. ಮುದುಕಿಯನ್ನು ಬಿಟ್ಟು ಎಲ್ಲಿಗೆ ಹೋಗುವುದು. ಬಾವಿಗೆ ಎಲ್ಲರೂ ಹೋಗಿ ಬಂದಮೇಲೆ ಹೋಗುವುದನ್ನು ರೂಢಿ ಮಾಡಿಕೊಂಡಳು.

ಹಾಗೇ ಇರುತ್ತಿದ್ದಳೋ ಏನೋ. ಅಷ್ಟರಲ್ಲಿ ಇನ್ನೊಂದು ಮಂಗ ಬಿತ್ತು. ಈ ಸಲ ಜಯಪ್ಪನ ಹಿತ್ತಲಲ್ಲಿ.

ಜಲಜ ಕೊಡ ಹೊತ್ತು ಬರುವಾಗ ನೋಡಿದಳು. ಜನ ದೂರದಲ್ಲಿ ಸೇರಿದ್ದರು. ಜಯಪ್ಪ ಮಿಂದು ಒದ್ದೆ ಪಂಚೆಯಲ್ಲಿ ನಿಂತಿದ್ದ. ಬರಿಗಾಲು. ಕೈಯಲ್ಲಿ ಗುದ್ದಲಿ. ಗುಂಡಿ ತೋಡಿ ಆಗಿತ್ತು. ಇನ್ನು ಬಾಗಿ ಎತ್ತುವುದೊಂದು ಬಾಕಿ.

ಅವಳು ನಿಂತಳು. ಇವನ ಅಂಗಡಿಯಲ್ಲೇ ಆ ಮಾತು ಹುಟ್ಟಿದ್ದು. ಇವನ ಮನೆಯವರೇ ಮೊದಲು ಕೊಡ ಎತ್ತಿಕೊಂಡು ಸರಿದದ್ದು. ಅದೂ ನೆನಪಾಯಿತು, ಸುಳ್ಳು ಯಾಕೆ. ಆದರೆ ಅವಳ ಕಣ್ಣು ಹೋದದ್ದು ಅವನ ಕಾಲಿನ ಮೇಲೆ. ಕೊಡ ಇಳಿಸಿದಳು.

"ಜಯಪ್ಪಣ್ಣ, ಮುಟ್ಬೇಡಿ."

"ದೂರ ನಿಂತು ಮಾತಾಡು ಮಾರಾಯ್ತಿ."

"ನಾನು ದೂರನೇ ನಿಂತೀನಿ. ನೀವೂ ದೂರ ಬನ್ನಿ. ನನ್ನ ಕಂಡ್ರೆ ಹೆದರ್ತೀರಿ, ಹೆದರ್ಬೇಕಾದ್ದು ನಿಮ್ಮ ಕಾಲ ಹತ್ರ ಬಿದ್ದೈತೆ."

ಜಯಪ್ಪ ಹಿಂದೆ ಸರಿಯಲಿಲ್ಲ, ಬಾಗಲೂ ಇಲ್ಲ. "ಎಂತ ಹೇಳ್ತೀಯ?"

"ಡಾಕ್ಟರು ರಕ್ತ ನೋಡಿ ಹೇಳಿದಾರೆ. ಮಂಗನ ಮೈಯಿಂದ ಇಳಿದ ಉಣುಗು ಕಚ್ಚಿ ಬಂದಿದ್ದು. ಅವರು ಪಲ್ಟನ್ನಿಂದ ಏನೂ ತಂದಿಲ್ಲ. ಇಲ್ಲಿಂದ್ಲೇ ತಗಂಡು ಹೋದ್ರು."

"ಮಣ್ಣು ಮಾಡಿದ್ನಲ್ಲ ಅವ. ಹಾಲು ತುಪ್ಪ ಬಿಟ್ನಲ್ಲ. ನಾನೇ ನೋಡೀನಿ."

"ಉಣುಗಿಗೆ ಹಾಲು ತುಪ್ಪ ಗೊತ್ತಾಗಲ್ಲ ಜಯಪ್ಪಣ್ಣ. ಕಾಲು ಗೊತ್ತಾಗ್ತದೆ."

ಆಗ ಹಿಂದೆ ಯಾರೋ ಕೆಮ್ಮಿದರು. ತಿರುಗಿದರೆ ಕೆರಿಯಮ್ಮ. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

ಮುದುಕಿ ಸೊಸೆಯ ಕಡೆ ನೋಡಲಿಲ್ಲ. ಜಯಪ್ಪನ ಕಡೆ ನೋಡಿ ಹೇಳಿದಳು.

"ಜಯಪ್ಪ, ನನ್ನ ಮಗ ಬೂಟು ಹಾಕ್ಕಂಡೇ ಬಂದಿದ್ದ. ಮುಟ್ಬಾರ್ದು ಅಂತಾನೂ ಅಂದ. ಬಿಚ್ಚು ಅಂದೋಳು ನಾನು. ನಿನಗೂ ಹಂಗೆ ಹೇಳೋರು ಯಾರಾದ್ರೂ ಇದ್ರೆ ಕೇಳ್ಬೇಡ. ಗುದ್ದಲಿ ಅಲ್ಲೇ ಹಾಕಿ ಬಾ. ಯಾರನ್ನಾದ್ರೂ ಸಾಗರಕ್ಕೆ ಕಳಿಸು."

ಜಯಪ್ಪ ಗುದ್ದಲಿ ಹಾಕಿ ಬಂದ.

ಮನೆಯ ಮೆಟ್ಟಿಲು ಹತ್ತುವಾಗ ಜಲಜ, "ಅತ್ತೆ, ನಾನು ನಿಮಗೆ ಹೇಳ್ಬಾರ್ದು ಅಂತ..." ಅಂದಳು.

"ಕೊಟ್ಟಿಗೆಗೂ ಬಣವೆಗೂ ಎಷ್ಟು ದೂರ ಐತೆ? ಆವತ್ತೇ ಕೇಳಿಸ್ಕಂಡೆ. ನೀನು ಬಾಯಿ ಬಿಡಲ್ಲ, ನನಗೆ ಬಿಡಕ್ಕೆ ಧೈರ್ಯ ಇಲ್ಲ. ಇಬ್ರೂ ಸೇರಿ ಅವನ ಹೆಸರಿಗೆ ಮಸಿ ಬಳೀತಾ ಕೂತಿದ್ವಿ."

ಅಷ್ಟು ಹೇಳಿ ಕೆರಿಯಮ್ಮ ಜಗಲಿಗೆ ಹೋಗಿ ಬೂಟು ಎತ್ತಿಕೊಂಡಳು. ಸೆರಗಿನಲ್ಲಿ ಧೂಳು ಒರೆಸಿದಳು. ಚರ್ಮ ಮುಟ್ಟದ ಕೈ ಅದು. ತಂದು ಸೊಸೆಯ ಕಾಲ ಹತ್ತಿರ ಇಟ್ಟಳು.

"ಹಾಕ್ಕ."

"ನಂಗೆ ದೊಡ್ಡದಾಗ್ತದೆ ಅತ್ತೆ."

"ಬಟ್ಟೆ ತುರುಕು. ತರಗು ತರಕ್ಕೆ ಕಾಡಿಗೆ ಹೋಗೋಳು ನೀನೇ ಅಲ್ವಾ?"

"ಗಂಡಸಿನ ಬೂಟು. ಜನ ನಗ್ತಾರೆ."

"ಗಂಡಸಿನ ಕಾಲಾ ಹೆಂಗಸಿನ ಕಾಲಾ ಅಂತ ಉಣುಗು ಕೇಳ್ತದಾ? ಹಾಕ್ಕ ಅಂದೆ."

ಆಗ ಅಲ್ಲಿಯವರೆಗೆ ಅಳದಿದ್ದ ಮುದುಕಿ ಕಂಬಕ್ಕೆ ಒರಗಿ ಕೂತು ಅತ್ತಳು. ಜಲಜ ಪಕ್ಕದಲ್ಲಿ ಕೂತು ಬೂಟಿಗೆ ಕಾಲು ತೂರಿಸಿದಳು.

ಸಾಗರದಿಂದ ಜೀಪು ಬಂತು. ಮೊಣಕಾಲಿನವರೆಗೆ ಬೂಟು, ಕೈಗೆ ರಬ್ಬರಿನ ಗವಸು ಹಾಕಿದ ಆಳುಗಳು ಮಂಗನನ್ನು ಕಟ್ಟಿಕೊಂಡು ಹೋದರು. ಬಿದ್ದ ಜಾಗದ ಸುತ್ತ ಉಣುಗು ಸಾಯುವ ಬಿಳೀ ಪುಡಿ ಹಾಕಿದರು. ಅಲ್ಲಿ ಓಡಾಡಬೇಡಿ ಅಂದರು. ಜಯಪ್ಪ ಹಾಲು ತುಪ್ಪವನ್ನು ತನ್ನ ಅಂಗಳದಲ್ಲೇ ನೆಲಕ್ಕೆ ಬಿಟ್ಟು ಕೈಮುಗಿದ. ಡಾಕ್ಟರು ಅದಕ್ಕೆ ಬೇಡ ಅನ್ನಲಿಲ್ಲ.

ಮುಂದಿನ ತಿಂಗಳ ಎಡೆಯ ದಿನ ಜಲಜ ಯಾರನ್ನೂ ಕರೆಯಲಿಲ್ಲ. ಎರಡೇ ಎಲೆ ಕೊಯ್ದಿದ್ದಳು. ಬಾಗಿಲಲ್ಲಿ ನೆರಳಾಯಿತು. ಜಯಪ್ಪ. ಹಿಂದೆ ಕೇರಿಯವರು. ಅವನು ಕಾಲು ತೊಳೆದು ಒಳಗೆ ಬಂದು, ಹೂವಪ್ಪ ಕೂರುತ್ತಿದ್ದ ಗೋಡೆ ಬದಿ ಬಿಟ್ಟು ಅದರ ಪಕ್ಕ ಕೂತ.

"ಎಲೆ ಹಾಕು ತಂಗಿ. ಹನ್ನೊಂದನೇ ದಿನದ್ದೂ ಸೇರಿಸಿ ಉಣ್ತೀವಿ."

"ಅಷ್ಟು ಅನ್ನ ಮಾಡಿಲ್ಲ ಜಯಪ್ಪಣ್ಣ."

"ಮಾಡು. ಕೂತಿರ್ತೀವಿ."

ಮಾಡಿದಳು. ಕೂತಿದ್ದರು. ಉಂಡರು. ಉಂಡು ಏಳುವಾಗ ಜಯಪ್ಪ, "ಮುಖ ಮುಚ್ಚಿದಾಗ ನಾನು ನಕ್ಕಿದ್ದೆ ಕಣೇ ಅವನಿಗೆ" ಅಂದ. ಜಲಜ ಅವನ ಕೈಗೆ ನೀರು ಹಾಕಿದಳು.

ಈಗಲೂ ಬೆಳಿಗ್ಗೆ ಎದ್ದರೆ ಅವಳು ಮೊದಲು ಜಗಲಿಗೆ ಬರುತ್ತಾಳೆ. ಬೂಟು ತಲೆಕೆಳಗು ಮಾಡಿ ನೆಲಕ್ಕೆ ಬಡಿಯುತ್ತಾಳೆ. ಒಳಗೆ ಕೈ ಹಾಕಿ ಬೆರಳಿನ ಜಾಗದವರೆಗೆ ತಡಕುತ್ತಾಳೆ. ಹಳೇ ಪಂಚೆಯ ಚೂರಿನಲ್ಲಿ ಒರೆಸಿ, ಅದೇ ಚೂರನ್ನು ಒಳಗೆ ತುರುಕುತ್ತಾಳೆ. ಕಾಲಿಗೆ ಬೇವಿನೆಣ್ಣೆ ಹಚ್ಚಿ ಬೂಟು ತೊಟ್ಟು, ದಾರವನ್ನು ಒಂದೊಂದೇ ತೂತಿಗೆ ಅಡ್ಡ ಹಾಕಿ, ಅವನು ತೋರಿಸಿದ ಹಾಗೆ ಮೇಲೆ ಗಂಟು ಬಿಗಿಯುತ್ತಾಳೆ. ಬುಟ್ಟಿ ತಗೊಂಡು ದಾರಿಗೆ ಇಳಿದರೆ ಚಾ ಅಂಗಡಿಯಿಂದ ಜಯಪ್ಪ ಕೇಳುತ್ತಾನೆ, "ಮಿಲಿಟ್ರಿ ಹೊರಟಿತಾ?"

"ಹೊರಟಿತು" ಅಂದು ಕಾಡಿನ ಕಡೆ ನಡೆಯುತ್ತಾಳೆ. ಬೂಟು ದೊಡ್ಡದು, ನಡಿಗೆ ನಿಧಾನ.